ಝೆರಾಕ್ಸಿನಲ್ಲಿ ಕಾಣದ ಕೆಂಪು

ಅಮೀರ್‌ಪೇಟ್‌ನ ಒಂದು ತರಬೇತಿ ಸಂಸ್ಥೆಯಲ್ಲಿ ವಿಜಯಶ್ರೀ ಡೇಟಾಬೇಸ್ ಪಾಠಗಳನ್ನು ತಯಾರಿಸುತ್ತಾರೆ. ಸೇಡಂ ಕಡೆಯವರು, ಕಲಬುರಗಿಯಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ ಹೈದರಾಬಾದಿಗೆ ಬಂದವರು. ಪಾಠ ಹೇಳುವವರು ಬೇರೆ. ಪರದೆಯ ಮೇಲೆ ಯಾವ ಅಕ್ಷರ ಯಾವ ಬಣ್ಣದಲ್ಲಿ ಬರಬೇಕು ಎಂಬುದು ಇವರ ಕೆಲಸ.

ಅದಕ್ಕೆ ಮಿತಿಗಳಿದ್ದವು. ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ಮೊಬೈಲಿನಲ್ಲೇ ನೋಡುವುದರಿಂದ ವಿಡಿಯೊ ಹಗುರವಾಗಿರಬೇಕು. ಹಗುರ ಮಾಡುವ ತಂತ್ರಾಂಶ ತಿಳಿಬಣ್ಣಗಳನ್ನು ಕಲಸಿಬಿಡುತ್ತಿತ್ತು, ಸಪೂರ ಅಕ್ಷರಗಳ ಅಂಚು ತಿನ್ನುತ್ತಿತ್ತು. ಕಮಾಂಡ್‌ಗಳಿಗೆ ಒಂದೇ ಫಾಂಟು, ಒಂದೇ ಗಾತ್ರ. ದಪ್ಪ ಮಾಡಲು, ಅಡಿಗೆರೆ ಎಳೆಯಲು ಅವಕಾಶವಿಲ್ಲ. ಉಳಿದದ್ದು ಬಣ್ಣ ಮಾತ್ರ. ವಾರಗಟ್ಟಲೆ ಪರೀಕ್ಷಿಸಿ ವಿಜಯಶ್ರೀ ಒಂದು ನಿಯಮ ಮಾಡಿದರು: ವಿವರಣೆ ಕಪ್ಪು, ಟೈಪ್ ಮಾಡಬೇಕಾದದ್ದು ಕಡುಹಸಿರು, ಮಾಡಬಾರದ್ದು ಕಡುಗೆಂಪು.

“ಒಂದ್ ಪಾಠಕ್ಕ ನೀಲಿ ಹಾಕಿದ್ರ ಏನಾಗ್ತೈತ್ರಿ?” ಎಂದು ಜೊತೆಗೆ ಕೆಲಸ ಮಾಡುವ ಮಂದಾಕಿನಿ ಕಾಡುತ್ತಿದ್ದರು.

“ಸಿಗ್ನಲ್‌ದಾಗ ಒಂದಿನ ನೀಲಿ ದೀಪ ಬಂದ್ರ ನೀ ಗಾಡಿ ಬಿಡ್ತಿ ಏನು, ನಿಲ್ಲಸ್ತಿ ಏನು?”

ಒಂದು ಮಧ್ಯಾಹ್ನ ವಿಜಯಶ್ರೀ ಊಟದ ಡಬ್ಬಿ ತೆರೆಯುತ್ತಿದ್ದಾಗ ರೇಣುಕಾಳ ಫೋನು ಬಂತು. ಯಾದಗಿರಿಯ ಹುಡುಗಿ, ಕಳೆದ ವರ್ಷ ಇಲ್ಲೇ ಕಲಿತವಳು. ಈಗ ಶಂಶಾಬಾದಿನ ಸರಕು ಸಾಗಣೆ ಕಚೇರಿಯೊಂದರಲ್ಲಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

“ಮೇಡಂರಿ, ಒಂದ್ ಸಾಲು ಅಳಸಾಕ ಹೋಗಿದ್ನಿರಿ. ಸರಕಿನ ಲೆಕ್ಕದ ಟೇಬಲ್ ಪೂರಾ ಖಾಲಿ ಆತ್ರಿ. ಸಂಜಿಗೆ ಸಾಹೇಬ್ರು ಕರದಾರ. ಇನ್ನ ಮನಿಗೇ ಅಂತ ಎಲ್ಲಾರೂ ಅನ್ನಾಕತ್ತಾರ.”

“ಏನ್ ಟೈಪ್ ಹೊಡದಿ, ಓದು.”

ಓದಿದಳು. ಯಾವ ಸಾಲು ಎಂದು ತಿಳಿಸುವ ಕೊನೆಯ ತುಂಡೇ ಆ ಕಮಾಂಡಿನಲ್ಲಿರಲಿಲ್ಲ. ಅದಿಲ್ಲದಿದ್ದರೆ ಕಂಪ್ಯೂಟರ್ ಎಲ್ಲ ಸಾಲುಗಳನ್ನೂ ಅಳಿಸುತ್ತದೆ. ಹೀಗೆ ಮಾಡಬಾರದೆಂದು ತೋರಿಸಲೆಂದೇ ವಿಜಯಶ್ರೀ ಅದನ್ನು ಪಾಠದಲ್ಲಿ ಇಟ್ಟಿದ್ದರು.

“ಅದು ಕೆಂಪಂದಲ್ಲೇನವ್ವ? ಕೆಂಪ್ ಇದ್ದದ್ದು ಯಾಕ ಹೊಡದಿ?”

ಆ ಕಡೆ ಪುಟ ತಿರುವುವ ಸದ್ದು. ಆಮೇಲೆ, “ಕೆಂಪು ಯಾವುದ್ರಿ, ಮೇಡಂ? ನನ್ ಬುಕ್ಕಿನಾಗ ಎಲ್ಲಾ ಕರೇದ ಐತಿ.”

ವಿಜಯಶ್ರೀ ಡಬ್ಬಿ ಹಾಗೇ ಬಿಟ್ಟು ಕೆಳಗಿಳಿದರು. ಕಟ್ಟಡದ ಬುಡದಲ್ಲಿ ಗುರುಶಾಂತನ ಝೆರಾಕ್ಸ್ ಅಂಗಡಿ. ಪಾಠದ ಪ್ರತಿ ಪರದೆಯೂ ಅಲ್ಲಿ ಅಚ್ಚಾಗಿ, ಸ್ಪೈರಲ್ ಹಾಕಿದ ನೀಲಿ ಹೊದಿಕೆಯ ಪುಸ್ತಕವಾಗಿ ಮಾರಾಟವಾಗುತ್ತಿತ್ತು. ದಿನವೂ ಆ ರಾಶಿಯ ಪಕ್ಕವೇ ಹಾದು ಹೋಗುತ್ತಿದ್ದರೂ ತಮ್ಮ ಪಾಠದ ಪುಸ್ತಕವನ್ನು ಅವರು ತೆರೆದಿರಲಿಲ್ಲ. ಈಗ ತೆರೆದರು.

ಎರಡು ಕಮಾಂಡ್‌ಗಳು, ಒಂದರ ಕೆಳಗೊಂದು. ಅದೇ ಫಾಂಟು, ಅದೇ ಗಾತ್ರ, ಅದೇ ಕಪ್ಪು. ಮಾಡಬಾರದ್ದೇ ಮೇಲಿತ್ತು. ಮುಂದಿನ ಪುಟದಲ್ಲೂ ಹಾಗೆಯೇ, ಅದರ ಮುಂದಿನದರಲ್ಲೂ. ವಿಜಯಶ್ರೀ ಅಲ್ಲೇ ಕಾಗದದ ಬಂಡಲಿನ ಮೇಲೆ ಕುಳಿತುಬಿಟ್ಟರು.

“ಗುರುಶಾಂತ, ಇದನ್ನ ಕಲರ್‌ದಾಗ ಯಾಕ ತೆಗಿಯಲ್ಲ?”

“ಕಲರ್? ಮದಿವಿ ಕಾರ್ಡ್ ಏನ್ರಿ ಇದು?”

“ಎಷ್ಟ್ ಮಂದಿ ಒಯ್ದಾರ?”

“ಎಲ್ಲಾರೂ ಒಯ್ತಾರ್ರಿ. ವಿಡಿಯೋ ಒಂದ್ಸಲ ನೋಡ್ತಾರ. ನೌಕರಿಗಿ ಹೋಗೂಮುಂದ ಬುಕ್ಕ ಬಗಲಾಗ.”

ವಿಜಯಶ್ರೀ ಮೇಲೆ ಓಡಿದರು. ಲ್ಯಾಪ್‌ಟಾಪ್ ಎತ್ತಿಕೊಂಡು ಶಂಶಾಬಾದಿನ ಬಸ್ಸು ಹತ್ತಿದರು. ಬಸ್ಸು ಮೆಹದಿಪಟ್ಣಂ ದಾಟಿತು. ಆಮೇಲೆ ತಲೆ ತನ್ನ ಹಳೆಯ ಅಭ್ಯಾಸಕ್ಕೆ ಮರಳಿತು: ತಂತ್ರಾಂಶ ದಪ್ಪ ಮಾಡಲು ಬಿಡುವುದಿಲ್ಲ, ಗೆರೆ ಎಳೆಯಲು ಬಿಡುವುದಿಲ್ಲ, ಆದರೆ ಕಮಾಂಡಿನ ಮುಂದೆ ‘ತಪ್ಪು’ ಎಂಬ ಒಂದು ಪದ ಬರೆಯಬೇಡ ಎಂದು ಅದು ಎಂದಾದರೂ ಹೇಳಿತ್ತೇ?

ಕಚೇರಿಯ ಬಾಗಿಲಲ್ಲಿ ರೇಣುಕಾ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಮ್ಯಾನೇಜರ್ ವಿನಾಯಕ ಮೈಸೂರಿನವರು, ಗೋದಾಮಿನ ಲೆಕ್ಕ ಬಲ್ಲವರು, ಕಮಾಂಡ್ ಬಲ್ಲವರಲ್ಲ. ವಿಜಯಶ್ರೀ ರೇಣುಕಾಳ ಪುಸ್ತಕವನ್ನು ಅವರ ಮುಂದೆ ಇಟ್ಟರು.

“ಸರ್, ಈ ಎರಡರಲ್ಲಿ ಯಾವುದು ಹೊಡೆಯಬೇಕು ಅಂತ ಅನ್ನಿಸ್ತದ?”

“ಮೇಲಿರೋದು,” ಎಂದು ಅವರು ಬೆರಳಿಟ್ಟರು.

ವಿಜಯಶ್ರೀ ಲ್ಯಾಪ್‌ಟಾಪ್ ತಿರುಗಿಸಿದರು. ಅದೇ ಪುಟ, ಬಣ್ಣದಲ್ಲಿ. ಬೆರಳಿದ್ದ ಸಾಲು ಕಡುಗೆಂಪು. ವಿನಾಯಕ ಬೆರಳು ಹಿಂದೆ ತೆಗೆದುಕೊಂಡರು.

“ತಪ್ಪು ನಂದು ಸರ್. ಕಾಗದದ ಮ್ಯಾಲ ಹೆಂಗ ಕಾಣ್ತದ ಅಂತ ನಾ ನೋಡ್ಲೇ ಇಲ್ಲ.”

ಅವರು ಒಮ್ಮೆ ಪುಸ್ತಕ, ಒಮ್ಮೆ ಪರದೆ ನೋಡಿದರು. “ನಿನ್ನೆವರೆಗಿನ ಬ್ಯಾಕಪ್ ಇದೆ. ಬೆಳಗ್ಗಿಂದ ಬಂದಿದ್ದನ್ನ ಈ ಹುಡುಗಿ ಮತ್ತೆ ತುಂಬಲಿ. ಇವಳು ಇರಲಿ, ಮೇಡಂ. ಈ ಬುಕ್ ಮಾತ್ರ ಇಲ್ಲಿ ಬೇಡ.”

ರೇಣುಕಾ ಗೋಡೆಗೆ ಒರಗಿ ಉಸಿರು ಬಿಟ್ಟಳು. ಇಬ್ಬರೂ ಮ್ಯಾನೇಜರರ ಕೋಣೆಯಿಂದ ಹೊರಗೆ ಬಂದರು. ವಿಜಯಶ್ರೀ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಸಾಲು ಮೇಜುಗಳ ಮೇಲೆ ಗುರುಶಾಂತನ ಅಂಗಡಿಯ ಅದೇ ನೀಲಿ ಹೊದಿಕೆಯ ಪುಸ್ತಕಗಳು ಕಾಣುತ್ತಿದ್ದವು. ಒಂದನ್ನು ಯಾರೋ ತೆರೆದಿಟ್ಟು ಟೈಪ್ ಮಾಡುತ್ತಿದ್ದರು.

“ನಿಲ್ರಿ, ಒಂದ್ ನಿಮಿಷ ಕೈ ತೆಗೀರಿ,” ಎಂದು ಅತ್ತ ಧಾವಿಸಿದರು. ಪುಸ್ತಕ ಎಳೆದುಕೊಂಡು, “ರೇಣುಕಾ, ಒಂದ್ ಪೆನ್ ಕೊಡವ್ವ” ಎಂದರು.

“ಯಾವ ಬಣ್ಣದ್ದು ಕೊಡ್ಲಿರಿ?”

“ಯಾವುದಾದ್ರೂ ನಡೀತದ,” ಎಂದು ವಿಜಯಶ್ರೀ ಕೈ ಚಾಚಿದರು. ಮಾಡಬಾರದ ಆ ಸಾಲಿನ ಮೇಲೆ ದೊಡ್ಡದಾಗಿ ಕಾಟು ಹಾಕಿ, ಪುಟ ತಿರುಗಿಸಿದರು.