ಅರದ ತುದಿ

ನಮ್ಮ ಯಜಮಾನರಿಗೆ ಹಾಲಿನವನ ಮೇಲೆ ಅನುಮಾನ, ಗಡಿಯಾರದ ಮೇಲೆ ಅನುಮಾನ, ತಾವೇ ಹಾಕಿದ ಬೀಗದ ಮೇಲೂ ಅನುಮಾನ. ವಿಮಾನ ರಿಪೇರಿಯ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಮೆಕ್ಯಾನಿಕ್. ಅಲ್ಲಿ ಈ ಗುಣಕ್ಕೆ ಒಳ್ಳೆಯ ಹೆಸರು. ಮನೆಯಲ್ಲಿ ಅನುಭವಿಸುವವಳು ನಾನು. ಅದೇ ಶೆಡ್ಡಿನ ಉಪಕರಣಗಳ ಕೋಣೆ ನನ್ನ ಸುಪರ್ದಿಯಲ್ಲಿದೆ. ಕೊಟ್ಟದ್ದನ್ನು ಬರೆದುಕೊಳ್ಳುವುದು, ವಾಪಸು ಬಂದದ್ದನ್ನು ಹಲಗೆಯ ಮೇಲೆ ಬಿಡಿಸಿದ ಅದರದೇ ಆಕಾರದ ಮೇಲಿಟ್ಟು ನೋಡುವುದು ನನ್ನ ಕೆಲಸ.

ಅವರ ಅನುಮಾನಕ್ಕೆ ಖಾಯಂ ಗಿರಾಕಿ ಅದೇ ಶೆಡ್ಡಿನಲ್ಲಿ ಕೆಲಸ ಮಾಡುವ ನನ್ನ ತಮ್ಮ. ರೆಕ್ಕೆಯ ತಗಡಿನ ತೂತುಗಳ ಅಂಚನ್ನು ದುಂಡು ಅರದಿಂದ ನಯ ಮಾಡುವುದರಲ್ಲಿ ಅವನದು ಪಳಗಿದ ಕೈ.

"ಅರಾನ ಮುಂದಕ್ಕೆ ತಳ್ಳಬೇಕು, ವಾಪಸ್ ಬರುವಾಗ ಎತ್ತಬೇಕು. ನಿನ್ನ ತಮ್ಮ ಹಿಂದಕ್ಕೂ ಎಳೀತಾನೆ, ನಾನು ನೋಡ್ತಾನೇ ಇದೀನಿ," ಎನ್ನುತ್ತಿದ್ದರು.

ಆ ಮಧ್ಯಾಹ್ನ ತಮ್ಮ ವಾಪಸು ಕೊಟ್ಟ ಅರವನ್ನು ಹಲಗೆಯ ಮೇಲಿಟ್ಟೆ. ಉಗುರಿನಷ್ಟು ತುದಿ ಇರಲಿಲ್ಲ. ತಮ್ಮನನ್ನು ಕರೆದು ತೋರಿಸಿದೆ. ಆ ಚೂರು ರೆಕ್ಕೆಯೊಳಗೆ ಬಿದ್ದಿದ್ದರೆ ವಿಮಾನ ಹಾರುವಂತಿಲ್ಲ. ಮುರಿದು ಮುಚ್ಚಿಟ್ಟನೆಂದಾದರೆ ತಮ್ಮನ ಕೆಲಸ ಹೋದಂತೆಯೇ.

"ನಾನು ಮುರಿದಿಲ್ಲಕ್ಕ. ಚಹಾಕ್ಕೆ ಹೋಗೋ ಮುಂಚೆನೇ ಕೆಲಸ ಮುಗಿದಿತ್ತು, ಆಮೇಲೆ ನೋಡದೆ ಎತ್ಕೊಂಡು ಬಂದೆ," ಎಂದವನೇ ಟಾರ್ಚು ಹಿಡಿದು ರೆಕ್ಕೆಯೊಳಗೆ ತೂರಿಕೊಂಡ.

ಅಷ್ಟರಲ್ಲಿ ಸುದ್ದಿ ಕಿವಿಗೆ ಬಿದ್ದ ಯಜಮಾನರು ದೂರು ಬರೆದು ನನ್ನ ಮೇಜಿನ ಮೇಲಿಟ್ಟಾಗಿತ್ತು. ಅದರಲ್ಲೊಂದು ಕಡೆ: 'ಇವನ ಅಜಾಗರೂಕತೆ ಹೊಸದಲ್ಲ. ಬೆಳಿಗ್ಗೆ ಇವನು ಚಹಾಕ್ಕೆ ಹೋದಾಗ ಅರದ ಹಲ್ಲಿನ ತುಂಬ ಪುಡಿ ಮೆತ್ತಿತ್ತು. ನಾನೇ ನನ್ನ ಬೆಂಚಿನ ವೈಸಿನ ಕಬ್ಬಿಣದ ದವಡೆಗೆ ಕುಟ್ಟಿ ಉದುರಿಸಿದೆ.'

ಕುಟ್ಟಿ! ಅರವನ್ನು ಬ್ರಷ್ಷಿನಿಂದ ಉಜ್ಜಬೇಕು. ಕುಟ್ಟಿದರೆ ಗಾಜಿನ ಹಾಗೆ ಮುರಿಯುತ್ತದೆ. ಆಯಸ್ಕಾಂತ ತೆಗೆದುಕೊಂಡು ಹೋಗಿ ಅವರ ವೈಸಿನ ಕೆಳಗೆ ಆಡಿಸಿದೆ. ಚೂರು ಟಕ್ಕೆಂದು ಅಂಟಿಕೊಂಡಿತು. ಅರಕ್ಕೆ ಜೋಡಿಸಿದರೆ ಕೂದಲೆಳೆಯ ಸಂದೂ ಇಲ್ಲದೆ ಕೂತಿತು.

ಯಜಮಾನರು ಚೂರನ್ನು ನೋಡಿದರು, ನನ್ನನ್ನು ನೋಡಿದರು. "ತಮ್ಮನ್ನ ಉಳಿಸೋಕೆ ನೀನೇ ತಂದು ಹಾಕಿದ್ಯಾ?"

ಹದಿನಾರು ವರ್ಷ ಸಂಸಾರ ಮಾಡಿದ ಮೇಲೆ ಈ ಮಾತು. ಕೋಪಕ್ಕಿಂತ ಹೆಚ್ಚಾಗಿ ಅಳು ಬಂತು. ದೂರಿನ ಕಾಗದವನ್ನು ಮುಂದಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟೆ. ಓದಿದರು. ಮತ್ತೆ ಓದಿದರು, ತಾವೇ ಬರೆದ ಅಕ್ಷರದ ಮೇಲೂ ಅನುಮಾನವೇನೋ. ಕಡೆಗೆ ನನ್ನ ತಮ್ಮನ ಹೆಸರು ಹೊಡೆದುಹಾಕಿ, ಸ್ವಂತ ಹೆಸರು ಬರೆದು ಸಹಿ ಹಾಕಿದರು.

"ಸಿಕ್ತಾ ಭಾವ?" ರೆಕ್ಕೆಯೊಳಗಿಂದ ತಮ್ಮ ಕೂಗಿದ.

"ಸಿಕ್ತಪ್ಪ. ಈಚೆ ಬಾ. ತಪ್ಪು ನನ್ನದೇ," ಎಂದರು.

ಅವನು ಮೈಗೆಲ್ಲ ಪುಡಿ ಮೆತ್ತಿಕೊಂಡು ನಗುತ್ತಲೇ ಇಳಿದು ಬಂದ. ಅವನಿಗೆ ಹೇಳಿದ್ದಾಯಿತು. ನನಗೆ ಹೇಳಬೇಕಾದದ್ದು ಅವರ ಬಾಯಿಂದ ಇವತ್ತಿಗೂ ಬಂದಿಲ್ಲ.