ದೀರ್ಘಕ್ಕಾಗಿ ಹಠ ಹಿಡಿದವರು

ಅವರ ಬಲಗೈಯ ತೋರುಬೆರಳು ಸದಾ ಮೇಜನ್ನು ಕುಟ್ಟುತ್ತಿತ್ತು. ಉಗುರಿನ ತುದಿ ಸವೆದು ಮೊಂಡಾಗಿತ್ತು. ಕುರ್ಚಿಯಲ್ಲಿ ಕೂತರೂ ಎದ್ದು ಹೊರಡುವವರ ಹಾಗೆ ಅಂಚಿನಲ್ಲೇ ಕೂರುತ್ತಿದ್ದರು.

ಎಂಬತ್ತರ ದಶಕದಲ್ಲಿ ತುಮಕೂರಿನ ಸಣ್ಣ ಕಂಪ್ಯೂಟರ್ ಕಂಪನಿಯೊಂದಕ್ಕೆ ನಾನು ಸೇರಿದಾಗ ಅವರೇ ನನ್ನ ಮೇಲಿನವರು. ಎಲ್ಲರಿಗೂ ಮೇಡಂ. ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು.

ಆಗ ನಾವು ಕನ್ನಡ ಟೈಪ್ ಮಾಡುವ ಪ್ರೋಗ್ರಾಂ ಸಿದ್ಧಪಡಿಸುತ್ತಿದ್ದೆವು. ಕಂಪ್ಯೂಟರಿನೊಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಯಾವುದಕ್ಕೆ ಯಾವ ಸಂಖ್ಯೆ ಎಂದು ನಮ್ಮ ಸ್ಪೆಸಿಫಿಕೇಷನ್ನಿನಲ್ಲಿ ನಾವೇ ಗೊತ್ತುಮಾಡಿಕೊಂಡಿದ್ದೆವು. ಅಷ್ಟರಲ್ಲಿ ಈ ಸಂಖ್ಯೆಗಳಿಗೆ ದೇಶಕ್ಕೆಲ್ಲ ಒಂದೇ ಆಗುವ ಸರ್ಕಾರಿ ಮಾನಕ ಬಂತು. ಅದಕ್ಕೆ ಹೊಂದಿಸದೆ ಪ್ರೋಗ್ರಾಂ ಹೊರಗೆ ಹೋಗಕೂಡದು ಎಂದು ಮೇಡಂ ಹಠ ಹಿಡಿದರು.

"ಗುಬ್ಬಿ ಪ್ರೆಸ್ಸಿನೋರು ಪ್ರೋಗ್ರಾಂ ಕೊಡಿ ಅಂತ ದಿನಾ ಬಂದು ಕೂತ್ಕೊಂತಾರೆ. ಆಮೇಲ್ ಸರಿಮಾಡಿದ್ರಾಯ್ತು ಬುಡಿ," ಎಂದರು ಮಾಲೀಕರು.

"ನಮ್ಮಲ್ಲಿ ಬರೆದಿದ್ದು ನಮ್ಮಲ್ಲೇ ಓದ್ಬೇಕು ಅಂದ್ರೆ ಅದೆಂಥ ಅಕ್ಷರ ಸಾರ್?"

ಮೇಡಂ ರಜೆಯಲ್ಲಿದ್ದಾಗ ಮಾಲೀಕರು ಪ್ರೋಗ್ರಾಂ ಕೊಟ್ಟೇಬಿಟ್ಟರು. ಪ್ರೆಸ್ಸಿನವರು ಹಾಸಿಗೆ ಹಿಡಿದಿದ್ದ ತಮ್ಮ ತಾಯಿಯ ಬಾಯಿಂದ ಕೇಳಿದ ಶಿವನ ಪದಗಳನ್ನೆಲ್ಲ ಅದರಲ್ಲಿ ಟೈಪ್ ಮಾಡಿ, ತಮ್ಮಲ್ಲಿಲ್ಲದ ದೊಡ್ಡ ಯಂತ್ರದಲ್ಲಿ ಅಚ್ಚು ಮಾಡಿಸಲು ಫ್ಲಾಪಿಯನ್ನು ಬೆಂಗಳೂರಿಗೆ ಒಯ್ದರು. ಅಲ್ಲಿನ ಯಂತ್ರಕ್ಕೆ ನಮ್ಮ ದೀರ್ಘದ ಸಂಖ್ಯೆ ಅರ್ಥವಾಗಲಿಲ್ಲ. ದೀರ್ಘಗಳನ್ನೆಲ್ಲ ಕಿತ್ತುಹಾಕಿ ಅದೇ ಫ್ಲಾಪಿಯ ಮೇಲೆ ಮತ್ತೆ ಬರೆದುಬಿಟ್ಟಿತು. ಬೇರೆ ಪ್ರತಿ ಇರಲಿಲ್ಲ.

"ಅಮ್ಮ ಪುಸ್ತಕ ಬಂತಾ ಬಂತಾ ಅಂತವ್ಳೆ. ಏನ್ ಹೇಳ್ಲಿ ನಾನು?" ಎಂದು ಪ್ರೆಸ್ಸಿನವರು ಬಾಗಿಲಲ್ಲೇ ನಿಂತರು.

ಮೇಡಂ ಮಾಲೀಕರ ಕಡೆ ನೋಡಲೂ ಇಲ್ಲ. "ನಡಿಯೇ, ಗುಬ್ಬಿಗೆ," ಎಂದು ನನ್ನನ್ನು ಎಬ್ಬಿಸಿದರು.

ದೀರ್ಘವಿಲ್ಲದೆ ಉಳಿದ ಪದಗಳನ್ನು ಅಚ್ಚುಹಾಕಿದ ಹಾಳೆಗಳನ್ನು ಹಿಡಿದು ಆ ಅಜ್ಜಿಯ ಮಂಚದ ಪಕ್ಕ ಕೂತೆವು. ಅನುಮಾನ ಬಂದ ಸಾಲನ್ನೆಲ್ಲ ಅಜ್ಜಿ ಹಾಡಬೇಕು, ಮೇಡಂ ತಿದ್ದಬೇಕು. ರಾಗದಲ್ಲಿ ಎಲ್ಲ ಸ್ವರವೂ ಉದ್ದವೇ.

"ಹಾಡ್ಬೇಡಿ ಅಮ್ಮಾ, ಬರೀ ಹೇಳಿ. ಇಲ್ಲಿ ಕೊಡು ಅಂತಲೋ, ಕೋಡು ಅಂತಲೋ?"

"ಕೊಡೋ ಶಿವನೂ ಅವ್ನೆ, ಕೋಡಿರೋ ಬಸವನೂ ಅವ್ನೆ. ನೀ ಯಾರನ್ನ ಕೇಳ್ತೀಯವ್ವಾ?"

ಮೇಡಂ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮೊದಲ ಸಲ ಕಂಡೆ.

ತಿದ್ದಿದ ಹಾಳೆಗಳನ್ನು ನೋಡಿ ಬೆಂಗಳೂರಿನವರು ತಮ್ಮ ಯಂತ್ರದಲ್ಲೇ ಮತ್ತೆ ಟೈಪ್ ಮಾಡಿದರು. ಪುಸ್ತಕ ಅಜ್ಜಿಯ ಕೈಸೇರಿತು. ಓದಲು ಬಾರದ ಆಕೆ ಒಂದು ಪದ ಓದಿಸಿಕೊಂಡು, "ನಂದೇ ಕಣೇ," ಎಂದಳು. ಮೇಡಂಗೆ ಮಾತ್ರ ಸಮಾಧಾನವಿಲ್ಲ. ವಾಪಸು ಬಸ್ಸಿನಲ್ಲಿ ದಾರಿಯುದ್ದಕ್ಕೂ, "ಹಿಂಗೆ ಇನ್ನೆಷ್ಟು ಹಾಳಾಗ್ತಾವೋ," ಎನ್ನುತ್ತಿದ್ದರು. ಈ ಸಲ ಮಾಲೀಕರೂ ಒಪ್ಪಿದರು. ಮರುವಾರವೇ ನಾವು ಸ್ಪೆಸಿಫಿಕೇಷನ್ನನ್ನು ಮಾನಕಕ್ಕೆ ಹೊಂದಿಸಿ ಮೊದಲಿಂದ ಬರೆಯತೊಡಗಿದೆವು.

ಆ ದಶಕ ಮುಗಿಯುವ ಮೊದಲೇ ಅವರು ಕಾಯಿಲೆ ಬಿದ್ದರು. ಆಸ್ಪತ್ರೆಗೆ ನೋಡಲು ಹೋದೆ.

"ಮಾನಕ ತಿದ್ದಿದ್ದಾರಂತಲ್ಲ, ತರಿಸಿದ್ಯಾ?"

"ತರಿಸಿದೀನಿ ಮೇಡಂ."

"ತರ್ಸೋದಲ್ಲ, ಓದಿದ್ಯಾ?"

ಚೀಲದಿಂದ ತೆಗೆದು ಅಲ್ಲೇ ಓದತೊಡಗಿದೆ. ಅವರು ನಡುನಡುವೆ ತಡೆದು, "ಅದನ್ನ ಇನ್ನೊಂದ್ ಸಲ ಓದು," ಎನ್ನುತ್ತಿದ್ದರು. ನಾಳೆ ಮುಗಿಸೋಣ ಎಂದು ಪುಟ ಮಡಚಿಟ್ಟು ಬಂದೆ. ಬೆಳಿಗ್ಗೆ ಸುದ್ದಿ ಬಂತು. ಉಳಿದ ಪುಟಗಳನ್ನು ಅವರ ಊರಿಗೆ ಹೋಗುವ ಬಸ್ಸಿನಲ್ಲಿ ಓದಿ ಮುಗಿಸಿದೆ.