ಕಾಶಮ್ಮನ ಜಂತಿಯ ಕಿವಿಗಳು

ಆ ವರ್ಷ ಮತ್ತೆ ಬರ. ಭಾಲ್ಕಿ, ಔರಾದ ಕಡೆಯ ಮಂದಿ ಗಂಟುಮೂಟೆ ಕಟ್ಟಿ ಹೈದರಾಬಾದಿನ ಇಟ್ಟಿಗೆ ಭಟ್ಟಿಗಳಿಗೆ ಹೊರಟಿದ್ದರು. ನಾನಾಗ ಬೀದರಿನಲ್ಲಿ, ನೌಬಾದದ ಆಚೆಗಿದ್ದ ಒಂದು ಪಶುರೋಗ ಪ್ರಯೋಗಾಲಯದಲ್ಲಿ ಅಟೆಂಡರ್. ಕಲಿತದ್ದು ಮೂರನೇ ಇಯತ್ತೆ. ರಕ್ತ ತೆಗೆಯುವಾಗ ಆಡಿನ ಕುತ್ತಿಗೆ ಹಿಡಿಯುವುದು ನನ್ನ ಕೆಲಸ.

ನಮ್ಮ ಸುನಂದಾ ಮೇಡಂ ಇಮ್ಯುನಾಲಜಿ ಓದಿದವರು. ರೋಗವನ್ನು ಮೈ ಹೇಗೆ ತಡೆಯುತ್ತದೆ ಎಂದು ತಿಳಿಯುವ ವಿದ್ಯೆ ಅದು. ಹಿಂದಿನ ಬರಗಾಲದಲ್ಲಿ ಅವರು ಔರಾದ ಕಡೆಯ ಆಡುಗಳಿಗೆ, ಬಾಯಿಹುಣ್ಣು ಕೆಮ್ಮು ತಂದು ಕೊಲ್ಲುವ ರೋಗ ಬಾರದಂತೆ, ಒಂದು ಹೊಸ ಲಸಿಕೆ ಹಾಕಿ, ಕಿವಿಗೆ ಗುರುತಿನ ನಂಬರಿದ್ದ ಹಿತ್ತಾಳೆಯ ಬಿಲ್ಲೆ ಕಟ್ಟಿ, ವರ್ಷ ವರ್ಷ ರಕ್ತ ನೋಡಿದ್ದರು. ಮೂರನೆಯ ವರ್ಷವೂ ರಕ್ತದಲ್ಲಿ ಆ್ಯಂಟಿಬಾಡಿ, ಅಂದರೆ ರೋಗದ ವಿರುದ್ಧ ಕಾವಲು, ಗಟ್ಟಿಯಾಗಿತ್ತು. ಒಂದು ಸೂಜಿ ಮೂರು ವರ್ಷ ಕಾಯುತ್ತದೆ ಎಂದು ಮೇಡಂ ಪ್ರಬಂಧ ಬರೆದರು. ಅದಕ್ಕೆ ಸೈಟೇಶನ್ ಮೇಲೆ ಸೈಟೇಶನ್ ಬಂತು. ಒಬ್ಬರು ಬರೆದದ್ದನ್ನು ನಂಬಿ ಇನ್ನೊಬ್ಬರು ತಮ್ಮ ಬರಹದಲ್ಲಿ ಹೆಸರು ಹೇಳುವುದಕ್ಕೆ ಹಾಗೆನ್ನುತ್ತಾರೆ. ಹೊರದೇಶದವರೂ ಹೇಳಿದರು. ನಮ್ಮ ಕಡೆ ವರ್ಷ ವರ್ಷ ಸೂಜಿ ಹಾಕುವುದು ನಿಂತಿತು.

ಒಂದು ಬೆಳಿಗ್ಗೆ ಖಟಕ ಚಿಂಚೋಳಿಯಿಂದ ನನ್ನ ಮಗಳು ಶಿವಲೀಲಾ ಬಂದಳು. ಸತ್ತ ಆಡೊಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲೇ ತಂದಿದ್ದಳು. ಬಾಯಿಯ ತುಂಬ ಹುಣ್ಣು, ಮೂಗಿನಲ್ಲಿ ಕೀವು.

"ಹೋದ ವರ್ಷದ ಹಿಂದಿನ ವರ್ಷ ನಿಮ್ಮವ್ರೇ ಸೂಜಿ ಹಾಕ್ಯಾರ. ಮೂರು ವರ್ಷ ಚಿಂತಿಲ್ಲ ಅಂದಿದ್ದಿ. ಈಗ ಓಣಿ ತುಂಬ ಆಡು ಕೆಮ್ಮಾಕತ್ಯಾವ. ಏನ್ ಮಾಡ್ಲಿ ಹೇಳು ಯವ್ವಾ?"

ನಾನು ಆಡನ್ನು ಒಳಗೆ ಹೊತ್ತುಕೊಂಡು ಹೋದೆ. ಮೇಡಂ ಆಡಿನ ಬಾಯಿ ಬಿಡಿಸಿ ನೋಡಿದರು. ಮುಚ್ಚಿ, ಮತ್ತೊಮ್ಮೆ ಬಿಡಿಸಿ ನೋಡಿದರು. ಅದನ್ನು ಕಂಡು ನನಗೆ ಹೆದರಿಕೆಯಾಯಿತು. ಡಾಕ್ಟರಿಗೇ ತಿಳಿಯದಿದ್ದರೆ ನಮ್ಮಂಥವರು ಎಲ್ಲಿ ಹೋಗಬೇಕು?

"ಬಿಲ್ಲಿ ಕಟ್ಟಿದ ಹಳೇ ಆಡುಗಳನ್ನ ಮತ್ತ ನೋಡೋಣ, ನಡಿ," ಎಂದರು.

ಮೇಡಂ ಲಸಿಕೆ ಹಾಕಿದ್ದ ಔರಾದ ಕಡೆಯ ಊರಿನಲ್ಲಿ ಅರ್ಧ ಮನೆಗಳಿಗೆ ಬೀಗ. ಬಿಲ್ಲೆಯ ಆಡುಗಳೆಲ್ಲ ಕಾಶಮ್ಮನ ಕೊಟ್ಟಿಗೆಯಲ್ಲಿದ್ದವು. ಗುಳೆ ಹೋಗುವವರು ಆಡುಗಳನ್ನು ಅವಳಿಗೆ ಪಾಲಿಗೆ ಬಿಡುತ್ತಿದ್ದರು. ಸಾಕಿದ್ದಕ್ಕೆ ಹುಟ್ಟಿದ ಮರಿಗಳಲ್ಲಿ ಅರ್ಧ ಅವಳಿಗೆ. ಮೇಡಂ ಬಗ್ಗಿ ಒಳಗೆ ಹೋದರು. ಜಂತಿಗೆ ಕಟ್ಟಿದ ಹಗ್ಗವೊಂದು ಅವರ ಹಣೆಗೆ ತಾಗಿತು. ಅವರು ಚೀರಿ ಹಿಂದೆ ಸರಿದರು. ಹಗ್ಗದ ತುಂಬ ಒಣಗಿದ ಕಿವಿಗಳು.

"ಯಾಕ್ರೀ ಬಾಯಾರ, ಅಂಜಿದ್ರೇನು? ಅವು ಕಚ್ಚಂಗಿಲ್ರಿ," ಎಂದು ಕಾಶಮ್ಮ ನಕ್ಕಳು.

ಪಾಲಿನ ಆಡು ಸತ್ತರೆ ಕಿವಿ ಕೊಯ್ದು ಒಣಗಿಸಿಡುವುದು ಅಲ್ಲಿನ ರೂಢಿ. ಕಿವಿಯಲ್ಲಿ ಮನೆಮನೆಗೆ ಬೇರೆ ಕಚ್ಚಿನ ಗುರುತು ಇರುತ್ತದೆ. ಮರಳಿ ಬಂದ ಯಜಮಾನ ಅದನ್ನು ನೋಡಿ, ಆಡು ಸತ್ತದ್ದು ನಿಜ, ಮಾರಿಲ್ಲ ಎಂದು ಒಪ್ಪುತ್ತಾನೆ. ಬಾರದೇ ಹೋದವರ ಕಿವಿಗಳು ಜಂತಿಯಲ್ಲೇ ಉಳಿದಿದ್ದವು. ಒಂದೊಂದರಲ್ಲೂ ಬಿಲ್ಲೆಯ ತಂತಿ ಹಾಯಿಸಿದ ತೂತು.

ಮೇಡಂ ಆ ತೂತುಗಳನ್ನೇ ನೋಡುತ್ತ ನಿಂತರು. "ಇವುಗಳ ಬಿಲ್ಲೆ ಎಲ್ಲಿ ಕಾಶಮ್ಮ?"

"ಎಲ್ಲಿ ಅಂದ್ರ? ಆಡಿನ ಕಿವ್ಯಾಗ. ಬಿಲ್ಲಿ ಕಳದ್ರ ನೋಡ್ರಿ ಅಂತ ನಿಮ್ಮವ್ರೇ ದಬಾಯಿಸಿದ್ರು. ಸೂಜಿ ಹಾಕಿ ವರ್ಷ ದಾಟಿದ ಮ್ಯಾಲ ಬ್ಯಾನಿ ಬಂದು ಇವು ಸತ್ವು. ಬ್ಯಾನಿ ಬಂದೂ ಉಳದ ಗಟ್ಟಿ ಆಡಿಗೆ ಬಿಲ್ಲಿ ಕಟ್ಟಿದೆ. ಮಾಲಕರಿಗೆ ಕಿವಿ ಬೇಕಿತ್ತು, ನಿಮಗ ಬಿಲ್ಲಿ ಬೇಕಿತ್ತು. ಇಬ್ಬರದೂ ಜ್ವಾಕಿ ಮಾಡೀನ್ರಿ. ತಪ್ಪಾತೇನು?"

ಮೇಡಂ ಹಗ್ಗದ ಕಿವಿಗಳನ್ನು ಒಂದೊಂದಾಗಿ ಎಣಿಸಿದರು. ರೋಗ ಬಂದು ವಾಸಿಯಾದ ಆಡಿನ ರಕ್ತದಲ್ಲಿ ಕಾವಲು ತಾನಾಗಿಯೇ ಗಟ್ಟಿ. ಅವರು ಅಳೆದದ್ದು ಲಸಿಕೆಯನ್ನಲ್ಲ, ರೋಗ ಗೆದ್ದ ಆಡುಗಳನ್ನು. ಲಸಿಕೆ ಹಾಕಿದವು ಜಂತಿಗೆ ನೇತಾಡುತ್ತಿದ್ದವು.

ಜೀಪಿನಲ್ಲಿ ಬೀದರ ಮುಟ್ಟುವವರೆಗೆ ಅವರು ಹಳೆಯ ರಕ್ತದ ಲೆಕ್ಕದ ಹಾಳೆಗಳನ್ನೇ ತಿರುವುತ್ತಿದ್ದರು. ಕಂಡದ್ದನ್ನು ಯಾರಿಗೂ ಹೇಳದೆ ಇವರು ಸುಮ್ಮನಾಗಿಬಿಟ್ಟರೆ ಎಂದು ನನಗೆ ಜೀವ ಹೋಗುತ್ತಿತ್ತು. ಸುಮ್ಮನಾದರೆ ಅವರ ಹೆಸರು ಉಳಿಯುತ್ತದೆ. ಮಗಳ ಕೊಟ್ಟಿಗೆ ಖಾಲಿಯಾಗುತ್ತದೆ. ಬರದಲ್ಲಿ ಹೊಲ ಕೈಬಿಟ್ಟ ಮೇಲೆ ಶಿವಲೀಲಾಳನ್ನು ಊರಲ್ಲಿ ಹಿಡಿದಿಟ್ಟದ್ದು ಆ ಆಡುಗಳೇ. ಅವು ಹೋದರೆ ಅವಳೂ ಭಟ್ಟಿಗೆ ಹೊರಡಬೇಕು.

ಪ್ರಯೋಗಾಲಯದ ಹಿರಿಯ ಸಾಹೇಬರು ಮೇಡಂ ಹೇಳಿದ್ದನ್ನು ಕೇಳಿ ಮೊದಲು ಬಾಗಿಲು ಹಾಕೆಂದು ನನಗೆ ಸನ್ನೆ ಮಾಡಿದರು. ಹಾಕಿದೆ, ಆದರೆ ಒಳಗೇ ನಿಂತೆ.

"ಜಗತ್ತಿನ ಮಂದಿ ಸೈಟ್ ಮಾಡ್ಯಾರ. ಅಷ್ಟು ಮಂದಿ ನಂಬಿದ್ದು ಸುಳ್ಳು ಹ್ಯಾಂಗ ಆಗ್ತದ?"

"ಅವರ್ಯಾರೂ ಆಡು ನೋಡಿಲ್ಲ ಸರ್. ನನ್ನ ನಂಬ್ಯಾರ. ನಾ ಬಿಲ್ಲಿ ನಂಬೀನಿ."

"ಪ್ರಬಂಧ ಹಿಂದ ತಗೊಂಡ್ರ ನಿನ್ನ ಕೆಲಸ ಮುಗೀತು, ತಿಳೀತಿಲ್ಲೋ?"

"ತಿಳದದ್ರಿ," ಎಂದರು ಮೇಡಂ. ಅಂದೇ ಪ್ರಬಂಧ ಹಿಂತೆಗೆದುಕೊಳ್ಳುತ್ತೇನೆಂದು ಬರೆದು ಕಳಿಸಿದರು. ಮರುದಿನ, ನಿಂತಿದ್ದ ವರ್ಷ ವರ್ಷದ ಸೂಜಿ ಮತ್ತೆ ಹಾಕಲು, ಲಸಿಕೆಯ ಪೆಟ್ಟಿಗೆ ಹೊತ್ತು ಭಾಲ್ಕಿಗೆ ಹೊರಟೆವು. ಖಟಕ ಚಿಂಚೋಳಿಯಲ್ಲಿ ನಾನು ಕುತ್ತಿಗೆ ಹಿಡಿದೆ, ಅವರು ಸೂಜಿ ಚುಚ್ಚಿದರು. ರೋಗ ಆಗಲೇ ಹೊಕ್ಕಿದ್ದ ಆಡುಗಳು ಸತ್ತವು. ಶಿವಲೀಲಾಳಿಗೆ ಒಂದು ಹೆಣ್ಣಾಡು ಉಳಿಯಿತು, ಅದು ಗಬ್ಬವಾಗಿತ್ತು. ಅವಳು ಊರು ಬಿಡಲಿಲ್ಲ. ಮೇಡಂಗೆ ಬಡ್ತಿ ಸಿಗಲಿಲ್ಲ.

ನಾನು ನಿವೃತ್ತಳಾದ ಮೇಲೊಮ್ಮೆ ಮೇಡಂ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ, "ಆ ಪ್ರಬಂಧ ಇನ್ನೂ ಸೈಟ್ ಮಾಡ್ತಾರ, ಗೊತ್ತದ ಏನ? ಹಿಂದ ತಗೊಂಡದ್ದು ಯಾರೂ ಓದಂಗಿಲ್ಲ," ಎಂದರು.

ಹತ್ತು ಮಂದಿ ಹೇಳಿದರೆಂದು ನಾನೀಗ ಹೂಂ ಅನ್ನುವುದಿಲ್ಲ. ಹತ್ತರಲ್ಲಿ ಕೊಟ್ಟಿಗೆಯೊಳಗೆ ಬಗ್ಗಿ ನೋಡಿದವರು ಯಾರು ಎಂದು ಕೇಳುತ್ತೇನೆ. ಮಂದಿಗೆ ಸಿಟ್ಟು ಬರುತ್ತದೆ. ಬರಲಿ.